ಕಲಬುರಗಿ ಬೇಸಿಗೆಯಲ್ಲಿ ಡಿಸ್ಕ್ ಪರೀಕ್ಷೆ: ಏಪ್ರಿಲ್–ಮೇ ದಾಖಲೆ

ಏಪ್ರಿಲ್, ಮೊದಲ ವಾರ

ಡಿಸ್ಕ್ ಪರೀಕ್ಷೆಯೆಂದರೆ ಬ್ಯಾಕ್ಟೀರಿಯಾ ಹರಡಿದ ಆಗರ್ ಪ್ಲೇಟಿನ ಮೇಲೆ ಔಷಧದ ಡಿಸ್ಕ್ ಇಟ್ಟು, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯದ ಅಗಲ ಅಳೆಯುವುದು. ರೋಗಿಯ ಮಾದರಿ ಮುಟ್ಟುವ ಮೊದಲು ಮೂರು ನಿಯಂತ್ರಣ ತಳಿಗಳ (ವಲಯ ಎಷ್ಟಿರಬೇಕೆಂದು ಮೊದಲೇ ಗೊತ್ತಿರುವ ಬ್ಯಾಕ್ಟೀರಿಯಾ) ವಲಯ ಮಿತಿಯೊಳಗೆ ಬರಬೇಕು, ಸದ್ಯದ ಗುರಿ ಇಷ್ಟೇ. ತಳಿಗಳು: ಇ. ಕೋಲಿ ಎಟಿಸಿಸಿ (ಅಮೆರಿಕದ ತಳಿ ಸಂಗ್ರಹ) 25922, ಸ್ಟೆಫೈಲೊಕಾಕಸ್ ಆರಿಯಸ್ 25923, ಸ್ಯೂಡೊಮೊನಾಸ್ ಎರುಜಿನೋಸಾ 27853. ವಿಧಾನ 1966ರ ಕಿರ್ಬಿ–ಬಾವರ್.

ಮುಲ್ಲರ್–ಹಿಂಟನ್ ಆಗರ್ (ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ಪುಡಿ ಲೀಟರಿಗೆ 38 ಗ್ರಾಂ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್, 45–50 ಡಿಗ್ರಿಗೆ ಇಳಿದ ಮೇಲೆ 90 ಮಿಮೀ ಪ್ಲೇಟಿಗೆ 25 ಮಿಲಿ. ಆಗ ಆಗರ್ ದಪ್ಪ 4 ಮಿಮೀ ಆಗುತ್ತದೆ. ಗಟ್ಟಿಯಾದ ಮೇಲೆ ಪಿಎಚ್ 7.2ರಿಂದ 7.4ರೊಳಗೆ ಇರಬೇಕು. ಕಡಿಮೆಯಾದರೆ ಜೆಂಟಾಮೈಸಿನ್, ಎರಿಥ್ರೊಮೈಸಿನ್ ಬಲ ಕುಗ್ಗಿದಂತೆ ಕಾಣುತ್ತವೆ, ಟೆಟ್ರಾಸೈಕ್ಲಿನ್ ಇರುವುದಕ್ಕಿಂತ ಬಲವಾಗಿ ಕಾಣುತ್ತದೆ.

ಮೊದಲ ಫಲಿತಾಂಶ: ಸ್ಯೂಡೊಮೊನಾಸ್ ಮೇಲೆ 10 ಮೈಕ್ರೋಗ್ರಾಂ ಜೆಂಟಾಮೈಸಿನ್ ವಲಯ 14 ಮಿಮೀ. ಇರಬೇಕಾದದ್ದು 17–23. ಅದೇ ಡಬ್ಬಿಯ ಡಿಸ್ಕ್ ಇ. ಕೋಲಿ ಮೇಲೆ 21 ಮಿಮೀ, ಅಂದರೆ 19–26ರ ನಡುವೆ ಸರಿಯಾಗಿಯೇ ಇದೆ. ಹಾಗಾದರೆ ಡಿಸ್ಕ್ ಕೆಟ್ಟಿಲ್ಲ. ಒಂದು ತಳಿಯಲ್ಲಿ ಮಾತ್ರ, ಅದೂ ಸ್ಯೂಡೊಮೊನಾಸ್‌ನಲ್ಲಿ ಮಾತ್ರ ಅಮಿನೋಗ್ಲೈಕೋಸೈಡ್ (ಜೆಂಟಾಮೈಸಿನ್ ಸೇರಿದ ಔಷಧ ಗುಂಪು) ವಲಯ ಕುಗ್ಗಿದರೆ ಮೊದಲು ಅನುಮಾನಿಸಬೇಕಾದದ್ದು ಆಗರ್‌ನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಈ ಎರಡು ಹೆಚ್ಚಾದಷ್ಟೂ ಔಷಧ ಈ ಬ್ಯಾಕ್ಟೀರಿಯಾದ ಹೊರಪೊರೆ ದಾಟುವುದು ಕಷ್ಟ.

ಪುಡಿ ಕರಗಿಸಿದ್ದು ಬೋರ್‌ವೆಲ್ ನೀರನ್ನು ಬರೀ ಸೋಸಿ. ಸೇಡಂ, ಚಿತ್ತಾಪುರ, ಶಹಾಬಾದ್‌ನ ಸುಣ್ಣಕಲ್ಲಿನ ಜಿಲ್ಲೆಯಿದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವೇ ಸಾಕ್ಷಿ. ಸೋಸುವುದರಿಂದ ಕರಗಿದ ಕ್ಯಾಲ್ಸಿಯಂ ಹೋಗುವುದಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ಹೊಸ ಬ್ಯಾಚ್ ಹಾಕಿದ ಮೇಲೆ ವಲಯ 19 ಮಿಮೀ.

ಏಪ್ರಿಲ್, ಮೂರನೇ ವಾರ

ವಲಯಗಳು ದುಂಡಗಿಲ್ಲ, ಮೊಟ್ಟೆಯಾಕಾರ. ಬಳಸದ ಪ್ಲೇಟೊಂದರ ಆಗರ್ ನಡುವೆ ಕತ್ತರಿಸಿ ದಪ್ಪ ಅಳೆದರೆ ಒಂದು ಅಂಚು 3 ಮಿಮೀ, ಎದುರು ಅಂಚು 5 ಮಿಮೀ. ಮೇಜಿಗೆ ಹಾಸಿದ್ದು ಶಹಾಬಾದ್ ಪರಸಿ. ನೋಡಲು ಸಪಾಟು, ಮೇಲೆ ನೀರುಮಟ್ಟದ ಪಟ್ಟಿ ಇಟ್ಟರೆ ಗುಳ್ಳೆ ಒಂದು ಕಡೆಗೆ ಓಡುತ್ತದೆ. ದಪ್ಪ ಗಾಜಿನ ಹಲಗೆ ಇಟ್ಟು, ಕೆಳಗೆ ರಟ್ಟಿನ ಚೂರು ಕೊಟ್ಟು ಎರಡೂ ದಿಕ್ಕಿಗೆ ಮಟ್ಟ ಮಾಡಿದ ಮೇಲೆ ವಲಯ ದುಂಡಗಾಯಿತು. ದಪ್ಪ ಆಗರ್‌ನಲ್ಲಿ ಔಷಧ ಕೆಳಕ್ಕೂ ಹರಡಿ ವಲಯ ಕುಗ್ಗುತ್ತದೆ, ತೆಳುವಾದರೆ ಹಿಗ್ಗುತ್ತದೆ. ಮಿತಿಯ ಅಂಚಿನಲ್ಲಿರುವ ತಳಿಗೆ ದಪ್ಪದ ಈ 2 ಮಿಮೀ ವ್ಯತ್ಯಾಸವೇ ‘ನಿರೋಧಕ’ (ಔಷಧಕ್ಕೆ ಬಗ್ಗದ್ದು) ಎಂಬುದನ್ನು ‘ಸಂವೇದಿ’ (ಬಗ್ಗುವಂಥದ್ದು) ಎಂದು ಬರೆಸಿಬಿಡಬಹುದು.

ಇಲ್ಲಿನ ಒಣ ಗಾಳಿಯಲ್ಲಿ ತೆರೆದಿಟ್ಟ ಪ್ಲೇಟು ಬೇಗ ಬತ್ತುತ್ತದೆ. ಪಾಲಿಥಿನ್ ಚೀಲದಲ್ಲಿ 2–8 ಡಿಗ್ರಿಯಲ್ಲಿಟ್ಟು ಏಳು ದಿನದೊಳಗೆ ಬಳಸುವುದು ಕಡ್ಡಾಯ ಮಾಡಿದೆ.

ಪ್ಲೇಟಿಗೆ ಹರಡುವ ಬ್ಯಾಕ್ಟೀರಿಯಾ ದ್ರವ (ಸಸ್ಪೆನ್ಷನ್) ಎಷ್ಟು ಮಸುಕಾಗಿರಬೇಕು ಎಂದು ಹೋಲಿಸಿ ನೋಡುವ 0.5 ಮ್ಯಾಕ್‌ಫಾರ್ಲೆಂಡ್ ಮಾನಕವೂ ಇದೇ ವಾರ ತಯಾರಾಯಿತು. 1% ಸಲ್ಫ್ಯೂರಿಕ್ ಆಮ್ಲ 99.5 ಮಿಲಿ, ಅದನ್ನು ಕಲಕುತ್ತಲೇ 1.175% ಬೇರಿಯಂ ಕ್ಲೋರೈಡ್ ಡೈಹೈಡ್ರೇಟ್ 0.5 ಮಿಲಿ ಸೇರಿಸುವುದು. 625 ನ್ಯಾನೋಮೀಟರ್‌ನಲ್ಲಿ ಬೆಳಕು ಹೀರಿಕೆ 0.08ರಿಂದ 0.13 ಇರಬೇಕು. ಸಸ್ಪೆನ್ಷನ್‌ಗೆ ಬಳಸುವ ಅದೇ ಅಗಲದ ಟ್ಯೂಬಿಗೆ ತುಂಬಿ, ಬಾಯಿ ಬಿಗಿದು ಕತ್ತಲಲ್ಲಿಡಬೇಕು. ಬೇರಿಯಂ ಲವಣ ವಿಷ, ಬಾಯಲ್ಲಿ ಪಿಪೆಟ್ ಎಳೆಯಬಾರದು. ಪ್ರತಿಸಲ ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಬೇಕು: ಕೆಳಗೆ ಕುಳಿತ ಬಿಳಿಪುಡಿ ಹಾಗೇ ಉಳಿದರೆ ಮಾನಕ ತಿಳಿಯಾಗಿ ಕಾಣುತ್ತದೆ, ಅದಕ್ಕೆ ಹೋಲಿಸಿದ ಸಸ್ಪೆನ್ಷನ್ ತೆಳುವಾಗುತ್ತದೆ, ವಲಯಗಳೆಲ್ಲ ಸುಳ್ಳೇ ದೊಡ್ಡದಾಗುತ್ತವೆ.

ಸಸ್ಪೆನ್ಷನ್ ಮಾಡಿದ 15 ನಿಮಿಷದೊಳಗೆ ಸ್ವಾಬ್ ಅದ್ದಿ, ಟ್ಯೂಬಿನ ಗೋಡೆಗೆ ಒತ್ತಿ ಹಿಂಡಿ, ಪ್ಲೇಟನ್ನು 60 ಡಿಗ್ರಿ ತಿರುಗಿಸುತ್ತ ಮೂರು ಸಲ ಹರಡುವುದು. ಕೊನೆಗೆ ಅಂಚಿನ ಸುತ್ತ ಒಂದು ಸುತ್ತು. ಡಿಸ್ಕ್‌ಗಳ ನಡುವೆ ಕೇಂದ್ರದಿಂದ ಕೇಂದ್ರಕ್ಕೆ 24 ಮಿಮೀ ಕನಿಷ್ಠ. ಒಮ್ಮೆ ಆಗರ್ ಮುಟ್ಟಿದ ಡಿಸ್ಕನ್ನು ಸರಿಸುವಂತಿಲ್ಲ, ಔಷಧ ಆ ಕ್ಷಣವೇ ಹರಡತೊಡಗುತ್ತದೆ.

ಮೇ, ಎರಡನೇ ವಾರ

ಹೊರಗೆ 42 ಡಿಗ್ರಿ. ಕೋಣೆಯೊಳಗೂ ಮಧ್ಯಾಹ್ನ 38. ಸಾಮಾನ್ಯ ಇನ್ಕ್ಯುಬೇಟರಿಗೆ ಕಾಯಿಸಲು ಮಾತ್ರ ಬರುತ್ತದೆ, ತಂಪು ಮಾಡಲು ಬರುವುದಿಲ್ಲ. 35ಕ್ಕೆ ಗುಂಡಿ ತಿರುಗಿಸಿದರೂ ಒಳಗಿನ ಗ್ಲಿಸರಿನ್ ಬಾಟಲಿಯಲ್ಲಿ ಮುಳುಗಿಸಿದ ಥರ್ಮಾಮೀಟರ್ 39 ತೋರಿಸಿತು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ: 35 ಡಿಗ್ರಿ ಮೀರಿದಷ್ಟೂ ಮೆಥಿಸಿಲಿನ್ ನಿರೋಧಕ ಸ್ಟೆಫೈಲೊಕಾಕಸ್ ಕಣ್ತಪ್ಪುವ ಸಾಧ್ಯತೆ ಹೆಚ್ಚು. ನಿರೋಧಕ ತಳಿಯನ್ನು ಸಂವೇದಿ ಎಂದು ಬರೆದುಕೊಟ್ಟರೆ ಕೆಲಸ ಮಾಡದ ಔಷಧ ರೋಗಿಯ ಮೈಗೆ ಸೇರುತ್ತದೆ. ಈ ವಾರದ ಪ್ಲೇಟುಗಳನ್ನೆಲ್ಲ 30 ದಿನಗಳ ನಿಯಂತ್ರಣ ಪರೀಕ್ಷೆಯ ಎಣಿಕೆಯಿಂದ ತೆಗೆದುಹಾಕಿದೆ.

ಪರಿಹಾರ ಕಂಪ್ರೆಸರ್ ಇರುವ, ತಂಪು ಮಾಡಲೂ ಬರುವ ಬಿಒಡಿ ಇನ್ಕ್ಯುಬೇಟರ್. ಅದೂ ಗೋಡೆಗೆ ಅಂಟದೆ ಗಾಳಿಯಾಡುವಂತೆ ಇರಬೇಕು. ಒಂದರ ಮೇಲೊಂದು ಐದು ಪ್ಲೇಟಿಗಿಂತ ಹೆಚ್ಚು ಪೇರಿಸಿದರೆ ನಡುವಿನವು 35ಕ್ಕೆ ಬರಲು ತಡವಾಗುತ್ತದೆ. ಬದಲಾಯಿಸಿದ ಮೇಲೆ 25923 ತಳಿಯ ಮೇಲೆ 30 ಮೈಕ್ರೋಗ್ರಾಂ ಸೆಫಾಕ್ಸಿಟಿನ್ (ಮೆಥಿಸಿಲಿನ್ ನಿರೋಧ ಪತ್ತೆಗೆ ಬಳಸುವ ಡಿಸ್ಕ್) 26 ಮಿಮೀ, ಮಿತಿ 23–29. ಜೊತೆಗೆ ಮೆಕ್‌ಎ ಜೀನ್ (ಮೆಥಿಸಿಲಿನ್ ನಿರೋಧ ಕೊಡುವ ಜೀನ್) ಇರುವ ಸ್ಟೆಫೈಲೊಕಾಕಸ್ ಆರಿಯಸ್ 43300 ತಳಿಯನ್ನೂ ಇಡಲಾಗಿದೆ. ಅದರ ವಲಯ 21 ಮಿಮೀ ಅಥವಾ ಕಡಿಮೆ ಬಂದರೆ ಮಾತ್ರ ಆ ದಿನದ ಸ್ಟೆಫೈಲೊಕಾಕಸ್ ಓದು ನಂಬಲರ್ಹ.

ಈಗಿನ ಸ್ಥಿತಿ

ನಿಯಂತ್ರಣ ತಳಿಗಳ ಸತತ 30 ದಿನಗಳ ಪರೀಕ್ಷೆ ಮತ್ತೆ 1ನೇ ದಿನದಿಂದ ಶುರು. ಪ್ರತಿ ಔಷಧ–ತಳಿ ಜೋಡಿಗೆ 30ರಲ್ಲಿ 3ಕ್ಕಿಂತ ಹೆಚ್ಚು ಓದು ಮಿತಿ ದಾಟದಿದ್ದರೆ ಆಮೇಲೆ ಈ ಪರೀಕ್ಷೆ ವಾರಕ್ಕೊಂದು ಸಲ ಸಾಕು. ಓದುವುದು 16–18 ತಾಸಿನ ನಂತರ, ಕಪ್ಪು ಬಟ್ಟೆಯ ಮೇಲೆ ಪ್ಲೇಟು ಬೋರಲಿಟ್ಟು, ಕ್ಯಾಲಿಪರ್‌ನಿಂದ.

ಬಾಕಿ ಇರುವುದು ಡಿಸ್ಕ್ ಸಂಗ್ರಹ. ಕರೆಂಟು ಹೋದಾಗ ಫ್ರೀಜರ್ ಎಷ್ಟು ಹೊತ್ತು ತಡೆಯುತ್ತದೆ ಎಂದು ಅಳೆಯಬೇಕಿದೆ. ಇಮಿಪೆನೆಮ್, ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಮೊದಲು ಕೆಡುವಂಥವು. ಡಬ್ಬಿ ಕೋಣೆಯ ಉಷ್ಣತೆಗೆ ಬರುವ ತನಕ ಒಂದೆರಡು ತಾಸು ಮುಚ್ಚಳ ತೆಗೆಯುವಂತಿಲ್ಲ. ಈ ಒಣ ಬೇಸಿಗೆಯಲ್ಲಿ ತಪ್ಪಿದರೂ ಕಾಣದು. ಜುಲೈನಲ್ಲಿ ಮಳೆಗಾಳಿ ಬಂದಾಗ ತಣ್ಣನೆಯ ಡಿಸ್ಕ್ ಮೇಲೆ ಕೂರುವ ತೇವ ಎಷ್ಟು ಮಿಮೀ ತಿನ್ನುತ್ತದೆ ಎಂಬುದನ್ನು 25922ರ ಆಂಪಿಸಿಲಿನ್ ವಲಯದಿಂದ ನೋಡುವುದು ಮುಂದಿನ ಕೆಲಸ.