ಸಿಂಗಪುರದಲ್ಲಿ ಹದಿಮೂರು ತಾಸು: ಅವ್ವನ ಜೊತೆ ಊರು ಸುತ್ತಿ ಬಂದದ್ದು

ಟಿಕೆಟ್ ನೋಡಿದ ಕೂಡಲೇ ಅವ್ವ ಕೇಳಿದ್ದು ಒಂದೇ ಮಾತು. "ಹದಿಮೂರು ತಾಸು ಕುರ್ಚಿ ಮ್ಯಾಲೆ ಹ್ಯಾಂಗ ಕೂಡ್ಬೇಕು ಯವ್ವ?"

ತಂಗಿಯ ಬಾಣಂತನಕ್ಕೆ ನಾವಿಬ್ಬರೂ ಬೀದರಿನಿಂದ ಮೆಲ್ಬರ್ನ್‌ಗೆ ಹೊರಟಿದ್ದೆವು. ಹೈದರಾಬಾದ್‌ನಿಂದ ವಿಮಾನ, ನಡುವೆ ಸಿಂಗಪುರ. ಅಲ್ಲಿ ಬೆಳಿಗ್ಗೆ ಆರಕ್ಕೆ ಇಳಿದರೆ ಮುಂದಿನ ವಿಮಾನ ಸಂಜೆ ಏಳಕ್ಕೆ. ಕಡಿಮೆ ಕಾಯುವ ಟಿಕೆಟ್ ಕೂಡ ಇತ್ತು, ಆದರೆ ದರ ಜಾಸ್ತಿ. ಅವ್ವನಿಗೆ 68 ವರ್ಷ, ಮೊಣಕಾಲು ನೋವು. ಹದಿಮೂರು ತಾಸು ಸುಮ್ನೆ ಕೂತರೆ ಕಾಲು ಊದಿಕೊಳ್ಳುತ್ತದೆ ಅನ್ನುವ ಚಿಂತೆ ನನಗೂ ಇತ್ತು.

ಆಗ ಗೊತ್ತಾಗಿದ್ದು ಚಾಂಗಿ ವಿಮಾನ ನಿಲ್ದಾಣದ ಉಚಿತ ಸಿಂಗಪುರ ಟೂರ್. ಅಲ್ಲಿ ವಿಮಾನ ಬದಲಿಸುವವರಿಗೆ ಐದೂವರೆ ತಾಸಿಗಿಂತ ಹೆಚ್ಚು, 24 ತಾಸಿಗಿಂತ ಕಡಿಮೆ ಬಿಡುವಿದ್ದರೆ, ಬಸ್ಸಿನಲ್ಲಿ ಕೂರಿಸಿ, ಗೈಡ್ ಜೊತೆಗೆ ಊರು ತೋರಿಸಿ ವಾಪಸ್ ಕರೆತರುತ್ತಾರೆ. ಸುಮಾರು ಎರಡೂವರೆ ತಾಸು. ಒಂದು ಪೈಸೆ ಕೊಡಬೇಕಾಗಿಲ್ಲ.

ಆದರೆ ಈ ಸುತ್ತಾಟ ಶುರುವಾಗುವುದು ಸಿಂಗಪುರದಲ್ಲಿ ಅಲ್ಲ, ಮನೆಯಲ್ಲಿ. ಕಾಗದಪತ್ರ ಸರಿಯಿಲ್ಲದಿದ್ದರೆ ಗಾಜಿನ ಆಚೆಯಿಂದಲೇ ಸಿಂಗಪುರ ನೋಡಿ ಬರಬೇಕಾಗುತ್ತದೆ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಿಂಗಪುರದ ಒಳಗೆ ಹೋಗಲು ವೀಸಾ ಬೇಕು. ಆದರೆ ದಾರಿಯಲ್ಲಿ ಇಳಿಯುವವರಿಗೆ 96 ತಾಸಿನ ಒಂದು ರಿಯಾಯಿತಿ ಇದೆ. ನಿಮ್ಮ ಬಳಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ, ಕೆನಡಾ, ಬ್ರಿಟನ್, ಜಪಾನ್, ಜರ್ಮನಿ, ಸ್ವಿಟ್ಜರ್ಲೆಂಡ್, ಇವುಗಳಲ್ಲಿ ಯಾವುದಾದರೂ ಒಂದು ದೇಶದ ಚಾಲ್ತಿ ವೀಸಾ ಇರಬೇಕು. ಸಿಂಗಪುರ ಬಿಟ್ಟು ಮುಂದೆ ಹೋಗುವ ಖಾತ್ರಿ ಟಿಕೆಟ್ ಇರಬೇಕು. ಅಷ್ಟಿದ್ದರೆ ಬೇರೆ ವೀಸಾ ಇಲ್ಲದೆ ಬಿಡುತ್ತಾರೆ. ಬಿಡುವುದು ಬಿಡದಿರುವುದು ಅಲ್ಲಿನ ಅಧಿಕಾರಿಯ ಕೈಯಲ್ಲಿದೆ. ವಾಪಸ್ ಬರುವಾಗಿನ ನಿಯಮ ಸ್ವಲ್ಪ ಬೇರೆ. ಎರಡನ್ನೂ ಸಿಂಗಪುರದ ವಲಸೆ ಇಲಾಖೆಯ ವೆಬ್‌ಸೈಟ್‌ನಲ್ಲಿ ಹೊರಡುವ ವಾರದಲ್ಲೇ ಓದಿಕೊಳ್ಳಿ. ಏಜೆಂಟರ ಮಾತು ಸಾಲದು. ನಮಗೆ ಟಿಕೆಟ್ ಮಾಡಿಕೊಟ್ಟವರು "ಏನೂ ಬೇಕಾಗಿಲ್ಲ ಅಕ್ಕಾ, ಸೀದಾ ಹೋಗಿ" ಅಂದಿದ್ದರು.

ಆಸ್ಟ್ರೇಲಿಯಾ ವೀಸಾ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರುವುದಿಲ್ಲ, ಇಮೇಲ್‌ನಲ್ಲಿ ಬರುತ್ತದೆ. ಆ ಪತ್ರದ ಎರಡು ಪ್ರತಿ ಪ್ರಿಂಟ್ ಮಾಡಿಸಿ, ಹಿರಿಯರ ಕೈಚೀಲದಲ್ಲೇ ಒಂದು ಇಡಿ. ಫೋನ್ ಚಾರ್ಜ್ ಮುಗಿದಾಗ ಕಾಗದವೇ ದೇವರು.

ಇನ್ನೊಂದು, ಸಿಂಗಪುರ ಆಗಮನ ಕಾರ್ಡ್. ಇದನ್ನು ಇಳಿಯುವ ಮೊದಲಿನ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಒಬ್ಬೊಬ್ಬರಿಗೂ ಬೇರೆ. ಇದು ಪೂರ್ತಿ ಉಚಿತ. ದುಡ್ಡು ಕೇಳುವ ನಕಲಿ ವೆಬ್‌ಸೈಟ್‌ಗಳಿವೆ, ಹುಷಾರು. ನಾನು ತಪ್ಪು ಮಾಡಿದ್ದು ಇಲ್ಲೇ. ಅವ್ವನ ಕಾರ್ಡ್‌ನಲ್ಲಿ ಪಾಸ್‌ಪೋರ್ಟ್ ನಂಬರಿನ ಒಂದು ಅಂಕಿ ಅದಲು ಬದಲಾಗಿತ್ತು. ಟೂರ್ ಕೌಂಟರ್ ಮುಂದೆ ನಿಂತಾಗ ಗೊತ್ತಾಯಿತು. ಅಲ್ಲೇ ನೆಲದ ಮೇಲೆ ಕೂತು, ನಿಲ್ದಾಣದ ಉಚಿತ ವೈಫೈ ಹಿಡಿದು ಮತ್ತೆ ತುಂಬಿದೆ. ಅಷ್ಟರಲ್ಲಿ ಮೊದಲ ಬಸ್ಸಿನ ಸೀಟು ಹೋಗಿತ್ತು. ಪುಣ್ಯಕ್ಕೆ ಮುಂದಿನದರಲ್ಲಿ ಎರಡು ಸೀಟು ಸಿಕ್ಕವು.

ಸಾಧ್ಯವಾದಷ್ಟು ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರಲಿ. ಹಾಗಿದ್ದರೆ ದೊಡ್ಡ ಪೆಟ್ಟಿಗೆಗಳು ಹೈದರಾಬಾದ್‌ನಿಂದ ನೇರ ಮೆಲ್ಬರ್ನ್‌ಗೆ ಹೋಗುತ್ತವೆ. ಕೌಂಟರ್‌ನಲ್ಲಿ ಟ್ಯಾಗ್ ಮೇಲೆ ಕೊನೆಯ ಊರಿನ ಹೆಸರು ಇದೆಯಾ ಅಂತ ಕಣ್ಣಾರೆ ನೋಡಿ. ಬೇರೆ ಬೇರೆ ಟಿಕೆಟ್ ಆದರೆ ಪೆಟ್ಟಿಗೆ ಎಳೆದುಕೊಂಡು ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗಬಹುದು. ಆಗ ಊರು ನೋಡುವ ಉತ್ಸಾಹ ಎಲ್ಲಿಂದ ಬರಬೇಕು?

ಬೀದರಿನಿಂದ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಸುಮಾರು 150 ಕಿಲೋಮೀಟರ್. ಜಹೀರಾಬಾದ್, ಸಂಗಾರೆಡ್ಡಿ ದಾಟಿ, ಪಟಾನ್‌ಚೆರು ಹತ್ತಿರ ಹೊರವರ್ತುಲ ರಸ್ತೆ ಹಿಡಿದರೆ ಹೈದರಾಬಾದ್ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ರಾತ್ರಿ ಹನ್ನೊಂದರ ವಿಮಾನಕ್ಕೆ ನಾವು ಮಧ್ಯಾಹ್ನ ಮೂರೂವರೆಗೇ ಮನೆ ಬಿಟ್ಟೆವು. ವಿಮಾನ ನಾಲ್ಕೂವರೆ ತಾಸು. ಸಿಂಗಪುರ ನಮಗಿಂತ ಎರಡೂವರೆ ತಾಸು ಮುಂದೆ ಇದೆ. ಅಲ್ಲಿ ಬೆಳಗಿನ ಆರು ಅಂದರೆ ನಮ್ಮ ದೇಹಕ್ಕೆ ಇನ್ನೂ ನಡುರಾತ್ರಿ ಮೂರೂವರೆ. ಇದನ್ನು ಮರೆಯಬೇಡಿ. ಇಳಿದ ತಕ್ಷಣ ಟೂರಿಗೆ ಓಡಬೇಡಿ. ನಾವು ಮುಖ ತೊಳೆದು, ಬುತ್ತಿ ಬಿಚ್ಚಿ, ಕಟಿ ರೊಟ್ಟಿ, ಶೇಂಗಾ ಹಿಂಡಿ ತಿಂದು, ಅವ್ವ ಒಂದು ತಾಸು ಕಾಲು ಚಾಚಿ ಮಲಗಿದ ಮೇಲೆ ಹೊರಟೆವು.

ಟೂರಿನ ಸೀಟನ್ನು ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಬಹುದು. ಅಲ್ಲೇ ಹೋಗಿಯೂ ಹೆಸರು ಬರೆಸಬಹುದು. ನೋಂದಣಿ ಕೌಂಟರ್ ಇರುವುದು ವಲಸೆ ತಪಾಸಣೆಗೆ ಮೊದಲು, ಒಳಗಡೆ. ಇಳಿದವರೆಲ್ಲ ಹೊರಗೆ ಹೋಗುತ್ತಾರೆಂದು ಅವರ ಹಿಂದೆಯೇ ಹೋಗಿಬಿಟ್ಟರೆ ಕೌಂಟರ್ ಒಳಗೇ ಉಳಿದುಹೋಗುತ್ತದೆ. ಟೂರಿನಲ್ಲಿ ಕೆಲವು ಬಗೆಗಳಿವೆ. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಹಿರಿಯರಿಗೆ, ಸಿಟಿ ಸೈಟ್ಸ್ ಅನ್ನುವುದೇ ಸರಿ ಅನ್ನುತ್ತೇನೆ. ಬಹಳಷ್ಟು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ನಾವು ಇಳಿದು ನಡೆದದ್ದು ಎರಡೇ ಕಡೆ.

ನನಗೆ ಟೂರ್ ಬಗ್ಗೆ ಸ್ವಲ್ಪ ಅಳುಕು ಇತ್ತು. ಬೀದರಿಗೆ ಬಂದ ನೆಂಟರನ್ನು ನಾನೇ ಎಷ್ಟೋ ಸಲ ಕೋಟೆ, ಗವಾನ್ ಮದರಸಾ, ಚೌಬಾರಾ ಅಂತ ಎರಡು ತಾಸಿನಲ್ಲಿ ಸುತ್ತಿಸಿದ್ದೇನೆ. ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನು ಎರಡು ನಿಮಿಷದಲ್ಲಿ ನೋಡಿ ಹೊರಟವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ನಾವೂ ಹಾಗೇ ಮಾಡುತ್ತೇವಲ್ಲ ಅನ್ನಿಸಿತ್ತು. ಅದಕ್ಕೇ ಒಂದು ತೀರ್ಮಾನ ಮಾಡಿದೆ. ಎಲ್ಲ ನೋಡುವುದು ಬೇಡ. ಒಂದನ್ನಾದರೂ ಗೈಡ್‌ಗೆ ಕೇಳಿ ಕೇಳಿ ಸರಿಯಾಗಿ ತಿಳಿದುಕೊಳ್ಳೋಣ.

ಗೈಡ್ ಅರವತ್ತು ದಾಟಿದ ಹೆಂಗಸು. ಕೈಯಲ್ಲಿ ಹಳದಿ ಬಾವುಟ, ಕಾಲಲ್ಲಿ ಓಟದ ಬೂಟು. ವಲಸೆ ಕೌಂಟರ್‌ನಲ್ಲಿ ಅಧಿಕಾರಿ ವೀಸಾ ಪತ್ರ, ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ಎರಡೂ ನೋಡಿದರು. ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವುದಿಲ್ಲ, ಅನುಮತಿ ಇಮೇಲ್‌ಗೆ ಬರುತ್ತದೆ. ಅವ್ವನಿಗೆ ಮುದ್ರೆ ಬೀಳಲಿಲ್ಲವೆಂದು ಸ್ವಲ್ಪ ಬೇಸರವಾಯಿತು.

ಬಸ್ಸಿನಲ್ಲಿ ಎಸಿ ಚಳಿ, ಇಳಿದರೆ ಸೆಕೆ. ಬೀದರ್ ಎತ್ತರದ ಊರು, ನಮಗೆ ಒಣ ಬಿಸಿಲು ಗೊತ್ತು. ಇಲ್ಲಿನದು ಅಂಟಂಟು ಸೆಕೆ, ಐದು ನಿಮಿಷಕ್ಕೆ ಬೆನ್ನು ಒದ್ದೆ. ತೆಳು ಹತ್ತಿ ಬಟ್ಟೆ, ಕೊಡೆ, ನೀರಿನ ಬಾಟಲಿ ಮೂರೂ ಬೇಕು. ಮಳೆ ಯಾವಾಗ ಬೇಕಾದರೂ ಸುರಿಯುತ್ತದೆ. ಅವ್ವ ಇಳಕಲ್ ಸೀರೆಯಲ್ಲಿದ್ದಳು, ನೆರಿಗೆ ಎತ್ತಿ ಸಿಕ್ಕಿಸಿಕೊಂಡೇ ನಡೆದಳು.

ಮೊದಲು ಮರ್‌ಲಯನ್ ಪಾರ್ಕ್. ಸಿಂಹದ ತಲೆ, ಮೀನಿನ ದೇಹ, ಬಾಯಿಂದ ನೀರು ಉಗುಳುವ ಬಿಳಿ ಮೂರ್ತಿ. ಎತ್ತರ 8.6 ಮೀಟರ್, ತೂಕ 70 ಟನ್. 1972ರಲ್ಲಿ ನಿಲ್ಲಿಸಿದ್ದು, 2002ರಲ್ಲಿ ಈಗಿನ ಜಾಗಕ್ಕೆ ಸರಿಸಿದರು. ಎಲ್ಲರೂ ಆ ನೀರು ಬಾಯಿಗೆ ಬೀಳುವ ಹಾಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎದುರಿಗೆ ಮೂರು ಗೋಪುರದ ಮೇಲೆ ಹಡಗು ಇಟ್ಟ ಹಾಗಿರುವ ಮರೀನಾ ಬೇ ಸ್ಯಾಂಡ್ಸ್ ಹೋಟೆಲ್. ನಡುವೆ ವಿಶಾಲವಾದ ನೀರು.

ಗೈಡ್ ಆ ನೀರಿನತ್ತ ಬಾವುಟ ತೋರಿಸಿ, ಇದು ಸಮುದ್ರ ಅಲ್ಲ, ಇದು ನಮ್ಮ ಕುಡಿಯುವ ನೀರು ಅಂದರು. ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಕಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. "ಕೇಳ್ ಅಕಿಗೆ, ಸಮುದ್ರಕ್ಕ ಹತ್ತಿದ ನೀರು ಸಿಹಿ ಹ್ಯಾಂಗ ಆತದ?"

ಕೇಳಿದೆ. ಗೈಡ್ ಮುಖ ಅರಳಿತು. ಬಹುಶಃ ಎಲ್ಲರೂ ಶಾಪಿಂಗ್ ಬಗ್ಗೆಯೇ ಕೇಳುತ್ತಾರೇನೋ. ಗುಂಪು ಫೋಟೋದಲ್ಲಿ ಮುಳುಗಿದ್ದಾಗ ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು. ಸಿಂಗಪುರ ನದಿ ಒಂದು ಕಾಲದಲ್ಲಿ ನಾರುವ ಗಟಾರ ಆಗಿತ್ತಂತೆ. 1977ರಿಂದ 1987ರವರೆಗೆ ಹತ್ತು ವರ್ಷ ಅದನ್ನು ತೊಳೆದರು. ಆಮೇಲೆ ಕಡಲಿಗೆ ಸೇರುವ ಬಾಯಿಗೆ ಅಡ್ಡಲಾಗಿ ಒಡ್ಡು ಕಟ್ಟಿದರು, ಮರೀನಾ ಬ್ಯಾರೇಜ್. 350 ಮೀಟರ್ ಅಗಲ, ಒಂಬತ್ತು ಗೇಟು, 2008ರಲ್ಲಿ ಶುರು. ಉಬ್ಬರದ ಉಪ್ಪು ನೀರು ಒಳಗೆ ಬರುವುದಿಲ್ಲ. ಮೇಲಿಂದ ಬಿದ್ದ ಮಳೆ ಒಳಗಿನ ಉಪ್ಪನ್ನು ನಿಧಾನವಾಗಿ ತೊಳೆದು ಹಾಕಿತು. ಇಡೀ ದೇಶದ ಆರರಲ್ಲಿ ಒಂದು ಭಾಗದ ಮೇಲೆ ಬಿದ್ದ ಮಳೆ ಈಗ ಇಲ್ಲಿಗೆ ಹರಿದು ಬರುತ್ತದೆ. ಮಲೇಷ್ಯಾದಿಂದ ಕೊಳ್ಳುವ ನೀರು, ಬಳಸಿದ ನೀರನ್ನೇ ಶುದ್ಧ ಮಾಡಿದ್ದು, ಸಮುದ್ರದ ಉಪ್ಪು ತೆಗೆದದ್ದು, ಇವೆಲ್ಲ ಬೇರೆ.

ನಮ್ಮ ಬೀದರ್ ಜಿಲ್ಲೆಯಲ್ಲಿ ಏಳು ಸಿಂಗಪುರ ಹಿಡಿಯುತ್ತವೆ. ಅಷ್ಟು ಸಣ್ಣ ಜಾಗದಲ್ಲಿ 60 ಲಕ್ಷ ಜನ. ಅವ್ವ ಹುಟ್ಟಿದ್ದು ನೌಬಾದ್ ಹತ್ತಿರ. ನೆಲದ ಕೆಳಗೆ ಬಂಡೆ ಕೊರೆದು, ಅಲ್ಲಲ್ಲಿ ಬಾವಿಯಂಥ ಕಿಂಡಿ ಬಿಟ್ಟು ನೀರು ಹರಿಸಿದ ಬಹಮನಿ ಕಾಲದ ಕರೇಜ್ ಅಲ್ಲಿದೆ. ಅದನ್ನು ಗೈಡ್‌ಗೆ ಹೇಳು ಅಂತ ಅವ್ವ ಹಟ ಹಿಡಿದಳು. ಹೇಳಿದೆ. ಫೋನ್‌ನಲ್ಲಿದ್ದ ಕರೇಜಿನ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ, ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಎಷ್ಟು ಹಳೆಯದು ಅಂತ ಕೇಳಿದರು. ಐದು ನೂರು ವರ್ಷದ ಮೇಲಾಯಿತು ಅಂದೆ. ಬಸ್ ಹತ್ತಿದ ಮೇಲೆ ಮೈಕಿನಲ್ಲಿ ಎಲ್ಲರಿಗೂ "ಬೀದರ್" ಅಂತ ಹೆಸರು ಹೇಳಿದರು. ಅವ್ವ ನನ್ನ ಮೊಣಕೈ ಹಿಂಡಿದಳು.

ಆಮೇಲೆ ಗಾರ್ಡನ್ಸ್ ಬೈ ದ ಬೇ. 2012ರಲ್ಲಿ ತೆರೆದ ತೋಟ. ಉಕ್ಕಿನ ಅಸ್ಥಿಪಂಜರಕ್ಕೆ ಗಿಡಬಳ್ಳಿ ಹಬ್ಬಿಸಿದ 18 ಸೂಪರ್‌ಟ್ರೀಗಳಿವೆ, 25ರಿಂದ 50 ಮೀಟರ್ ಎತ್ತರ. ಅವುಗಳ ಕೆಳಗೆ ಓಡಾಡಲು ದುಡ್ಡಿಲ್ಲ. ಗಾಜಿನ ಮನೆಗಳಿಗೆ ಟಿಕೆಟ್ ಬೇಕು, ಆದರೆ ಟೂರಿನಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ. ಇಲ್ಲಿ ಅವ್ವನಿಗೆ ಸುಸ್ತಾಯಿತು. ಬೆಂಚಿನ ಮೇಲೆ ಕೂತೆವು. ಹಿರಿಯರು ಜೊತೆಗಿದ್ದರೆ ಇಳಿಯುವ ಮೊದಲೇ ಗೈಡ್‌ಗೆ ಹೇಳಿಬಿಡಿ, ಎಲ್ಲಿ ಕೂರಬೇಕು, ಬಸ್ಸು ಎಷ್ಟು ಹೊತ್ತಿಗೆ ಎಲ್ಲಿ ಬರುತ್ತದೆ ಅಂತ ಅವರೇ ತೋರಿಸುತ್ತಾರೆ. ಬಸ್ಸು ಯಾರಿಗೂ ಕಾಯುವುದಿಲ್ಲ, ಎಲ್ಲರಿಗೂ ಮುಂದೆ ವಿಮಾನ ಇದೆಯಲ್ವಾ. ಅಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲ. ಅವ್ವ ಕೈಮುಗಿದಳು, ಅವರೂ ಮುಗಿದರು.

ಎರಡು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಿರಿಯರ ಎಲೆಅಡಿಕೆ ಚೀಲದಲ್ಲಿ ತಂಬಾಕಿನ ಡಬ್ಬಿ ಇರುತ್ತದೆ. ಜಗಿಯುವ ತಂಬಾಕು, ಗುಟ್ಕಾ ಸಿಂಗಪುರದಲ್ಲಿ ನಿಷೇಧ. ಮನೆಯಲ್ಲೇ ತೆಗೆದಿಡಿ. ಚೂಯಿಂಗ್ ಗಮ್ ಕೂಡ ಒಯ್ಯಬೇಡಿ. ಇನ್ನು ಮೆಲ್ಬರ್ನ್‌ನಲ್ಲಿ ಇಳಿಯುವಾಗ ಚೀಲದಲ್ಲಿರುವ ಚಟ್ನಿಪುಡಿ, ಉಂಡಿ, ಮಸಾಲೆ, ಬಾಣಂತಿಯ ಅಂಟಿನುಂಡಿ ಸಾಮಾನು ಎಲ್ಲವನ್ನೂ ಆಸ್ಟ್ರೇಲಿಯಾದ ಆಗಮನ ಕಾರ್ಡ್‌ನಲ್ಲಿ ಬರೆದು ತೋರಿಸಿ. ಮುಚ್ಚಿಟ್ಟರೆ ದೊಡ್ಡ ದಂಡ ಬೀಳುತ್ತದೆ.

ನಿಯಮದ ಪ್ರಕಾರ ಐದೂವರೆ ತಾಸು ಸಾಕು. ಆದರೆ ವಿಮಾನ ತಡವಾಗಬಹುದು, ಸಾಲು ಉದ್ದ ಇರಬಹುದು. ವಯಸ್ಸಾದವರು ಜೊತೆಗಿದ್ದರೆ ಎಂಟು ತಾಸಿಗಿಂತ ಕಡಿಮೆ ಬಿಡುವಿಗೆ ನಾನು ಹೊರಗೆ ಹೋಗುವುದಿಲ್ಲ. ನಮಗೆ ಸಮಯ ಉಳಿದಿತ್ತು. ಹಾಗಾಗಿ ಟೂರ್ ಮುಗಿದ ಮೇಲೆ ನಿಲ್ದಾಣಕ್ಕೆ ಹೊಂದಿಕೊಂಡ ಜ್ಯುವೆಲ್ ಮಾಲ್‌ಗೆ ಹೋಗಿ, ಒಳಗೇ 40 ಮೀಟರ್ ಮೇಲಿಂದ ಬೀಳುವ ಜಲಪಾತ ನೋಡಿದೆವು. ಬೀದರಿನ ನರಸಿಂಹ ಝರಣಿ ಗುಹೆಗುಡಿಯ ಎದೆಮಟ್ಟದ ನೀರಿನಲ್ಲಿ ನಡೆದ ಅವ್ವನಿಗೆ ಇದು ಅಷ್ಟೇನೂ ಹಿಡಿಸಲಿಲ್ಲ. "ಮುಟ್ಟಲಿಕ್ಕ ಬರಂಗಿಲ್ಲಲ್ಲ" ಅಂದಳು.

ಚಾಂಗಿಯ ನಮ್ಮ ಟರ್ಮಿನಲ್‌ನಲ್ಲಿ ಸಾಮಾನು ತಪಾಸಣೆ ಇರುವುದು ಗೇಟಿನ ಬಾಯಿಯಲ್ಲೇ. ಅಲ್ಲಿ ನೀರಿನ ಬಾಟಲಿ ಖಾಲಿ ಮಾಡಬೇಕು. ಸಾಲು ಇರುತ್ತದೆ, ಕೊನೆ ಗಳಿಗೆಗೆ ಹೋಗಬೇಡಿ. ನಮ್ಮ ಕೈಚೀಲ ಅಲ್ಲಿ ನಿಂತುಹೋಯಿತು. ಒಳಗೆ ಅಳಿಯನಿಗೆಂದು ತಂದಿದ್ದ ಬಿದರಿ ಹೂದಾನಿ ಇತ್ತು. ಸತುವು, ತಾಮ್ರದ ಗಟ್ಟಿ ಲೋಹ, ಪರದೆಯಲ್ಲಿ ಕಪ್ಪಗೆ ಉಂಡೆಯಾಗಿ ಕಂಡಿತಂತೆ. ಬಿದರಿ ಒಯ್ಯುವವರು ಕೈಚೀಲದ ಮೇಲ್ಗಡೆಯೇ ಇಡಿ, ಗಂಟು ಬಿಚ್ಚಲು ಸುಲಭ ಇರಲಿ. ಹುಡುಗ ಅಧಿಕಾರಿ ಬಟ್ಟೆ ಬಿಚ್ಚಿ, ಕಪ್ಪು ಮೈಮೇಲಿನ ಬೆಳ್ಳಿಯ ಬಳ್ಳಿಯನ್ನು ಬೆಳಕಿಗೆ ಹಿಡಿದು ನೋಡಿದ. ಈ ಕಪ್ಪು ಬಣ್ಣ ಯಾವುದು ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಮುಂದೆ ಬಂದು, ಕೈಸನ್ನೆ ಮಾಡುತ್ತ, ನಮ್ಮ ಕೋಟೆಯ ಮಣ್ಣಿನಲ್ಲಿ ಕುದಿಸಿದರೆ ಬೆಳ್ಳಿ ಬೆಳ್ಳಗೇ ಉಳಿದು ಉಳಿದದ್ದೆಲ್ಲ ಹೀಗೆ ಕಪ್ಪಾಗುತ್ತದೆ ಅಂತ ಕನ್ನಡದಲ್ಲೇ ಪೂರ್ತಿ ಹೇಳಿದಳು. ಅವನು ಕೊನೆಯವರೆಗೂ ಕೇಳಿಸಿಕೊಂಡು, ಹೂದಾನಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಿಂದ ಅವಳಿಗೆ ಕೊಟ್ಟ.