ಕಲ್ಲಿನೊಳಗಿನ ಬಣ್ಣ

ಭೂವಿಜ್ಞಾನದಲ್ಲಿ ಬಿಎಸ್ಸಿ ಅಂದ್ರೆ "ಕಲ್ಲು ಓದೋದಾ?" ಅಂತ ಕೇಳೋರೇ ಹೆಚ್ಚು. ಹೌದು, ಕಲ್ಲೇ. ಇಷ್ಟು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಕೆಮಿಸ್ಟ್ರಿ ಕ್ಲಾಸಿನ ಕೊನೇ ಬೆಂಚಲ್ಲಿ ಕೂತರೆ ನಾನು ಯಾರೋ ಏನೋ. ನಮ್ಮ ವಿಭಾಗದಲ್ಲಿ ಮಾತ್ರ ಬೆರಳೆಣಿಕೆಯ ಜನ, ಮೇಷ್ಟ್ರಿಗೆ ಎಲ್ಲರ ಹೆಸರೂ ಗೊತ್ತು (ಚಕ್ಕರ್ ಹಾಕೋಕೆ ಆಗಲ್ಲ ಅನ್ನೋದು ಬೇರೆ ಮಾತು).

ಇವತ್ತು ಲ್ಯಾಬಲ್ಲಿ ಥಿನ್ ಸೆಕ್ಷನ್, ಅಂದ್ರೆ ಮೈಕ್ರೋಸ್ಕೋಪಲ್ಲಿ ನೋಡೋಕೆ ತೆಳ್ಳಗೆ ಉಜ್ಜಿದ ಕಲ್ಲಿನ ಚೂರು. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿದರೆ ಬೆಳಕು ಅದರೊಳಗಿಂದಲೇ ಹಾದುಹೋಗುತ್ತೆ. ಕೈಯಲ್ಲಿದ್ದಾಗ ಕರ್ರಗಿದ್ದ ಗ್ಯಾಬ್ರೊ ಕಲ್ಲು, ಎರಡು ಪೋಲರೈಸರ್ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನು ಮಾತ್ರ ಬಿಡೋ ಫಿಲ್ಟರ್) ನಡುವೆ ಇಟ್ಟ ತಕ್ಷಣ ನೀಲಿ, ಗುಲಾಬಿ, ಹಳದಿ! ಅದರೊಳಗಿನ ಆಲಿವಿನ್ ಅನ್ನೋ ಖನಿಜ ಕಣ್ಣು ಕುಕ್ಕುತ್ತೆ. ಪಕ್ಕದ ಇನ್ನೊಂದು ಖನಿಜ ಪ್ಲೇಜಿಯೋಕ್ಲೇಸ್ ಕಪ್ಪು-ಬಿಳಿ ಪಟ್ಟೆಯಲ್ಲಿ ಗಂಭೀರ. ಮೈಕ್ರೋಸ್ಕೋಪಿನ ಸ್ಟೇಜ್ (ಚೂರು ಇಡೋ ತಟ್ಟೆ) ತಿರುಗಿಸಿದರೆ 90 ಡಿಗ್ರಿಗೊಮ್ಮೆ ಹರಳು ಪೂರ್ತಿ ಕಪ್ಪಾಗಿ ಮತ್ತೆ ಬೆಳಗುತ್ತೆ.

ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಅಂತ ಉತ್ತರಪತ್ರಿಕೆಯಲ್ಲಿ ಬರೆಯೋದು ಸುಲಭ. ನೆಲದಾಳದಲ್ಲಿ ಶಿಲಾಪಾಕ ಅಷ್ಟು ನಿಧಾನ ತಣ್ಣಗಾಗಿದ್ದಕ್ಕೇ ಈ ಹರಳುಗಳು ಇಷ್ಟು ದೊಡ್ಡದಾಗಿ ಬೆಳೆದವು ಅಂತ ಕಣ್ಣಾರೆ ನೋಡಿದಾಗಲೇ ಆ ಕಾಲ ಸ್ವಲ್ಪ ತಟ್ಟೋದು.

ನಾಳೆ ಟೆಸ್ಟು. ಬೋವೆನ್ ಸರಣಿ (ಶಿಲಾಪಾಕ ತಣ್ಣಗಾಗುವಾಗ ಯಾವ ಖನಿಜ ಮೊದಲು, ಯಾವುದು ಆಮೇಲೆ ಹರಳುಗಟ್ಟುತ್ತೆ ಅನ್ನೋ ಪಟ್ಟಿ) ಇನ್ನೂ ಬಾಯಿಗೆ ಬಂದಿಲ್ಲ.