ಹೊಸ ಹಾವು ತಿನ್ನುತ್ತಿಲ್ಲವೇ? ಮೊದಲು ಥರ್ಮಾಮೀಟರ್ ನೋಡಿ

ಪುಣೆಯಲ್ಲಿ ಬಾಲ್ ಪೈಥಾನ್ (ಆಫ್ರಿಕಾ ಮೂಲದ ವಿಷವಿಲ್ಲದ ಚಿಕ್ಕ ಹೆಬ್ಬಾವು) ತಂದಿರುವ ಕನ್ನಡದ ಗೆಳೆಯರೇ, ಮೊದಲ ಏಳು ದಿನ ಅದನ್ನು ಮುಟ್ಟಬೇಡಿ, ಇಲಿಯನ್ನೂ ಕೊಡಬೇಡಿ. ಹಾವಿನ ಪೆಟ್ಟಿಗೆಯಲ್ಲಿ ನೀರಿನ ಬಟ್ಟಲು, ಬೆಚ್ಚಗಿನ ಬದಿಗೊಂದು, ತಂಪು ಬದಿಗೊಂದು ಇಕ್ಕಟ್ಟಾದ ಗೂಡು ಸಾಕು. ಬೆಚ್ಚಗಿನ ಬದಿ 31–33 ಡಿಗ್ರಿ, ತಂಪು ಬದಿ 25–27. ಶಾಖ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ (ವಿದ್ಯುತ್ತಿನ ಬಿಸಿ ಹಾಸು) ಹಾವಿನ ಹೊಟ್ಟೆ ಸುಡಬಹುದು. ಡಿಸೆಂಬರ್ ಚಳಿಯಲ್ಲಿ ಮ್ಯಾಟ್ ಕೈಕೊಟ್ಟರೆ ತಿಂದದ್ದು ಅರಗದೆ ಹಾವು ಕಕ್ಕುತ್ತದೆ. ಆಮೇಲೆ ಎರಡು ವಾರ ಬಿಟ್ಟು ಚಿಕ್ಕ ಇಲಿ ಕೊಡಿ.

ಇಲಿ ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪ ಇರಲಿ, ಮರಿಹಾವಿಗೆ ವಾರಕ್ಕೊಂದು. ಫ್ರೀಜರಿನ ಸತ್ತ ಇಲಿಯನ್ನು ರಾತ್ರಿ ಫ್ರಿಜ್‌ನಲ್ಲಿ ಕರಗಿಸಿ, ಜಿಪ್ ಚೀಲದಲ್ಲಿ ಹಾಕಿ ಬಿಸಿನೀರಲ್ಲಿ 38–40 ಡಿಗ್ರಿಗೆ ತನ್ನಿ. ಮೈಕ್ರೋವೇವ್ ಬೇಡವೇ ಬೇಡ, ಇಲಿ ಒಳಗೇ ಬೆಂದು ಒಡೆಯುತ್ತದೆ. ತುಟಿಯ ಕುಳಿಗಳಿಂದ ಶಾಖ ಹಿಡಿಯುವ ಜೀವಿ ಇದು. ತಣ್ಣನೆಯ ಇಲಿ ಅದರ ಲೆಕ್ಕಕ್ಕೆ ಇಲಿಯೇ ಅಲ್ಲ. ಉದ್ದನೆಯ ಇಕ್ಕಳದಲ್ಲೇ ಕೊಡಿ. ತಿಂದ ಮೇಲೆ 48 ಗಂಟೆ ಎತ್ತಬೇಡಿ.

ಕಣ್ಣು ಮಸುಕಾದಾಗ, ಅಂದರೆ ಪೊರೆ ಬಿಡುವ ಮುನ್ನ, ತಿನ್ನದಿರುವುದು ಸಹಜ. ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದ ನಮಗೆ, ಹಾವಿನ ಉಪವಾಸ ನೋಡಿದರೆ ಯಾಕೋ ಕರುಳು ಚುರ್ ಎನ್ನುತ್ತದೆ! ಗಾಬರಿ ಬಿಟ್ಟು ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುತ್ತಲೇ ಹೋದರೆ ಸರೀಸೃಪ ಬಲ್ಲ ಪಶುವೈದ್ಯರು ಬೇಕು. ಏಪ್ರಿಲ್‌ನ ಒಣಹವೆಯಲ್ಲಿ ತೇವ 60 ಶೇಕಡಕ್ಕಿಂತ ಇಳಿದರೆ ಪೊರೆ ಚೂರುಚೂರಾಗಿ ಅಂಟಿಕೊಳ್ಳಬಹುದು. ಹಾವು ಒಳಹೊಕ್ಕಲು ಒದ್ದೆ ಪಾಚಿ (ಮಾಸ್) ತುಂಬಿದ ಡಬ್ಬಿ ಇಡಿ.

ಮತ್ತೆ, ಇಂಥ ವಿದೇಶಿ ಜೀವಿ ಸಾಕುವವರು ನೋಂದಾಯಿಸಬೇಕಾದ ಕೇಂದ್ರ ಸರ್ಕಾರದ ಜಾಲತಾಣ ಪರಿವೇಶ್ 2.0ರಲ್ಲಿ ನೋಂದಣಿ ಮಾಡಿಸಿದಿರಾ?